ಅಂಗಿ ಹೇಳುವ ಸಾಕ್ಷಿ

ಕೋರ್ಟುಗಳಲ್ಲಿ ವಕೀಲರು ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಮನುಷ್ಯ ಸುಳ್ಳು ಹೇಳಬಹುದು, ಸಂದರ್ಭ ಸುಳ್ಳು ಹೇಳುವುದಿಲ್ಲ. ಕೊಲೆಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲದಿರುವಾಗ ಅಥವಾ ಕಂಡವರು ಬೆದರಿಕೆಗೋ ಹಣಕ್ಕೋ ಬಗ್ಗಿ ಸಾಕ್ಷಿಕಟ್ಟೆಯಲ್ಲಿ ತಿರುಗಿಬಿದ್ದಾಗ ಪ್ರಾಸಿಕ್ಯೂಷನ್ ಈ ಮಾತಿನ ಆಸರೆ ಪಡೆಯುತ್ತದೆ. ಕೇಳಲು ಇದು ನ್ಯಾಯವಾಗಿಯೇ ಇದೆ. ರಕ್ತದ ಕಲೆಗೆ ಯಾರ ಮೇಲೂ ದ್ವೇಷವಿಲ್ಲ. ಮುರಿದ ಬೀಗಕ್ಕೆ ಲಂಚ ಕೊಡಲು ಆಗುವುದಿಲ್ಲ. ಬೆರಳಚ್ಚಿಗೆ ಜಾತಿ ಧರ್ಮಗಳ ಹಂಗಿಲ್ಲ.

ಆದರೆ ಈ ಮಾತು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಸಂದರ್ಭ ಸುಳ್ಳು ಹೇಳುವುದಿಲ್ಲ ಎಂಬುದು ಎಷ್ಟು ನಿಜವೋ, ಅದು ತಾನಾಗಿ ಏನನ್ನೂ ಹೇಳುವುದಿಲ್ಲ ಎಂಬುದೂ ಅಷ್ಟೇ ನಿಜ. ಅದರ ಪರವಾಗಿ ಮಾತನಾಡುವವರು ಪೊಲೀಸರು, ವಕೀಲರು, ನ್ಯಾಯಾಧೀಶರು, ಪತ್ರಿಕೆಗಳು ಮತ್ತು ನಾವು. ತಪ್ಪು ಹೊಕ್ಕುವುದು ಈ ಮಾತನಾಡುವ ಬಾಯಿಗಳ ಮೂಲಕ. ನಾವಾರೂ ನೋಡದ ಒಂದು ಕೃತ್ಯಕ್ಕೆ ಒಬ್ಬ ಮನುಷ್ಯನನ್ನು ಹೊಣೆ ಮಾಡಿ, ಅವನ ಪ್ರಾಣವನ್ನೋ ಆಯುಷ್ಯವನ್ನೋ ಕಸಿದುಕೊಳ್ಳುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ಎಷ್ಟು ಖಚಿತವಾದರೆ ಸಾಕು? ಇದು ಕಾನೂನಿನ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನೈತಿಕ ಪ್ರಶ್ನೆ.

ನಮ್ಮ ದೇಶದ ತರ್ಕಶಾಸ್ತ್ರದ ಪಾಠ ಶುರುವಾಗುವುದೇ ಬೆಟ್ಟದ ಮೇಲಿನ ಹೊಗೆಯಿಂದ. ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿ ಇದೆ. ಬೆಂಕಿಯನ್ನು ನೋಡದೆಯೇ ಬೆಂಕಿಯ ಅರಿವು ಪಡೆಯುವ ಈ ಕ್ರಮಕ್ಕೆ ಅನುಮಾನ ಎಂದು ಹೆಸರು. ಸಾಂದರ್ಭಿಕ ಸಾಕ್ಷ್ಯ ಎಂದರೆ ಇದೇ. ಆದರೆ ಅದೇ ತಾರ್ಕಿಕರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ: ದೂರದಿಂದ ಕಂಡದ್ದು ಹೊಗೆಯೇ ಅಥವಾ ಮಂಜೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ನಮ್ಮ ಬೀದಿಯ ಗಾದೆಗೆ ಈ ಎಚ್ಚರವಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ನಾವು ಹೇಳುವುದು ಸಾಮಾನ್ಯವಾಗಿ ಯಾರದಾದರೂ ಮಾನ ತೆಗೆಯುವಾಗ. ಕನ್ನಡದಲ್ಲಿ ಅನುಮಾನ ಎಂಬ ಪದಕ್ಕೆ ತರ್ಕ ಎಂಬ ಅರ್ಥ ಮಾಸಿ, ಸಂಶಯ ಎಂಬ ಅರ್ಥವೇ ಉಳಿದುಕೊಂಡಿದೆ. ಈ ಎರಡರ ನಡುವಿನ ದೂರವನ್ನು ಮರೆಯುವುದು ಎಷ್ಟು ಸುಲಭ ಎಂಬುದಕ್ಕೆ ಭಾಷೆಯೇ ಸಾಕ್ಷಿ.

ಪವಿತ್ರ ಕುರ್‌ಆನ್‌ನ ಯೂಸುಫ್ ಅಧ್ಯಾಯವನ್ನು ಓದಿದವರಿಗೆ ಅಂಗಿಯ ಕಥೆ ಗೊತ್ತು. ವಾಸ್ತವದಲ್ಲಿ ಅಲ್ಲಿ ಅಂಗಿಯ ಪ್ರಸಂಗ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಮೊದಲನೆಯದು ಅಣ್ಣಂದಿರು ತಂದ ಅಂಗಿ. ತಮ್ಮನನ್ನು ಬಾವಿಗೆ ತಳ್ಳಿ, ಅವನ ಅಂಗಿಗೆ ಸುಳ್ಳು ರಕ್ತ ಹಚ್ಚಿ, ತೋಳ ತಿಂದಿತು ಎಂದು ಅಳುತ್ತಾ ತಂದೆಯ ಮುಂದೆ ನಿಲ್ಲುತ್ತಾರೆ. ತಂದೆ ಯಾಕೂಬ್(ಅ) ನಂಬುವುದಿಲ್ಲ. ವ್ಯಾಖ್ಯಾನಕಾರರು ಇದಕ್ಕೊಂದು ಕಾರಣ ಹೇಳುತ್ತಾರೆ: ಅಂಗಿಯ ಮೇಲೆ ರಕ್ತವಿತ್ತು, ಆದರೆ ಅಂಗಿ ಹರಿದಿರಲಿಲ್ಲ. ಮಗುವನ್ನು ತಿಂದು ಅಂಗಿಯನ್ನು ಬಿಟ್ಟ ತೋಳ ಎಂತಹ ಸಭ್ಯ ತೋಳವಾಗಿರಬೇಕು!

ಎರಡನೆಯದು ಈಜಿಪ್ಟಿನಲ್ಲಿ. ಮನೆಯೊಡತಿ ಯೂಸುಫ್(ಅ)ರ ಬೆನ್ನು ಹತ್ತಿ ಓಡಿದಾಗ ಅಂಗಿ ಹರಿಯುತ್ತದೆ. ಬಾಗಿಲಲ್ಲಿ ಯಜಮಾನ ಎದುರಾದಾಗ ಆಕೆ ಆರೋಪವನ್ನು ತಿರುಗಿಸುತ್ತಾಳೆ. ಒಬ್ಬಳು ಪ್ರತಿಷ್ಠಿತ ಮನೆಯೊಡತಿ, ಇನ್ನೊಬ್ಬ ಕೊಂಡು ತಂದ ಗುಲಾಮ. ಮಾತಿಗೆ ಮಾತು ನಿಂತರೆ ಯಾರ ಮಾತು ಗೆಲ್ಲುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಆಗ ಆಕೆಯ ಮನೆತನದವನೇ ಒಬ್ಬ ಒಂದು ಪರೀಕ್ಷೆ ಸೂಚಿಸುತ್ತಾನೆ. ಅಂಗಿ ಮುಂದಿನಿಂದ ಹರಿದಿದ್ದರೆ ಆಕೆಯ ಮಾತು ನಿಜ, ಹಿಂದಿನಿಂದ ಹರಿದಿದ್ದರೆ ಆತನ ಮಾತು ನಿಜ. ಅಂಗಿ ಹಿಂದಿನಿಂದ ಹರಿದಿತ್ತು.

ಈ ಎರಡು ಅಂಗಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಒಂದು ಅಂಗಿಯಿಂದ ಸುಳ್ಳು ಹೇಳಿಸಲು ನೋಡಿದರು. ಇನ್ನೊಂದು ಅಂಗಿ ನಿರಪರಾಧಿಯನ್ನು ಉಳಿಸಿತು. ವ್ಯತ್ಯಾಸ ಇರುವುದು ಅಂಗಿಯಲ್ಲಿ ಅಲ್ಲ, ಕೇಳಿದ ಪ್ರಶ್ನೆಯಲ್ಲಿ. ಎರಡನೆಯ ಪ್ರಸಂಗದಲ್ಲಿ ಪರೀಕ್ಷೆಯನ್ನು ಸೂಚಿಸಿದವನು ಅಂಗಿಯನ್ನು ನೋಡುವ ಮೊದಲೇ ಎರಡೂ ಸಾಧ್ಯತೆಗಳನ್ನು ಮುಂದಿಟ್ಟ. ಹೀಗಿದ್ದರೆ ಇದು, ಹಾಗಿದ್ದರೆ ಅದು ಎಂದು ಮೊದಲು ಹೇಳಿ ಆಮೇಲೆ ನೋಡಿದ. ಅಣ್ಣಂದಿರು ಮಾಡಿದ್ದು ಇದಕ್ಕೆ ತದ್ವಿರುದ್ಧ. ಅವರ ಬಳಿ ಮೊದಲು ತೀರ್ಮಾನವಿತ್ತು, ಆಮೇಲೆ ಅದಕ್ಕೆ ತಕ್ಕ ಅಂಗಿಯನ್ನು ತಯಾರಿಸಿದರು. ಜಗತ್ತಿನ ಕೆಟ್ಟ ತನಿಖೆಗಳೆಲ್ಲ ನಡೆಯುವುದು ಈ ಎರಡನೆಯ ಕ್ರಮದಲ್ಲೇ.

ಯಾರೂ ಕುತಂತ್ರ ಮಾಡದಿದ್ದರೂ ಸಂದರ್ಭ ನಮ್ಮನ್ನು ದಾರಿ ತಪ್ಪಿಸಬಲ್ಲದು. 14ನೇ ಶತಮಾನದ ದಮಾಸ್ಕಸ್‌ನ ವಿದ್ವಾಂಸ ಇಬ್ನುಲ್ ಕಯ್ಯಿಮ್ ಸಾಂದರ್ಭಿಕ ಕುರುಹುಗಳಿಗೆ ನ್ಯಾಯದಾನದಲ್ಲಿ ಸ್ಥಾನವಿರಬೇಕು ಎಂದು ಬಲವಾಗಿ ವಾದಿಸಿದವರು. ಅಲ್ಲಾಹನ ಧರ್ಮ ಬಯಸುವುದು ನ್ಯಾಯವನ್ನು, ಅದು ಯಾವ ದಾರಿಯಿಂದ ಗೋಚರಿಸಿದರೂ ಕಣ್ಣು ಮುಚ್ಚಬಾರದು ಎಂಬುದು ಅವರ ನಿಲುವಿನ ತಾತ್ಪರ್ಯ. ಆದರೆ ಅದೇ ವಿಷಯದ ಮೇಲೆ ಬರೆದ ತಮ್ಮ ಗ್ರಂಥದಲ್ಲಿ ಅವರು ಹಝ್ರತ್ ಅಲಿ(ರ)ಯವರ ಕಾಲದ್ದೆಂದು ಒಂದು ಪ್ರಸಂಗ ಕೊಡುತ್ತಾರೆ. ಪಾಳುಬಿದ್ದ ಜಾಗವೊಂದರಲ್ಲಿ ಕೊಲೆಯಾದ ಶವದ ಪಕ್ಕ ಒಬ್ಬ ಮನುಷ್ಯ ನಿಂತಿದ್ದ. ಅವನ ಕೈಯಲ್ಲಿ ರಕ್ತ ತೊಟ್ಟಿಕ್ಕುವ ಚೂರಿ. ಕಾವಲುಗಾರರು ಹಿಡಿದು ತಂದರು. ಕೇಳಿದಾಗ, ಹೌದು, ನಾನೇ ಕೊಂದೆ ಎಂದ. ಶಿಕ್ಷೆಯ ಆಜ್ಞೆಯಾಯಿತು. ಅಷ್ಟರಲ್ಲಿ ಇನ್ನೊಬ್ಬ ಓಡಿ ಬಂದು, ಅವನನ್ನು ಬಿಡಿ, ಕೊಂದವನು ನಾನು ಎಂದ.

ಮೊದಲಿನವನನ್ನು ಮತ್ತೆ ಕರೆದು ವಿಚಾರಿಸಿದರು. ಅವನು ಕಸಾಯಿ. ನಸುಕಿನಲ್ಲಿ ದನ ಕೊಯ್ದು ಚರ್ಮ ಸುಲಿಯುತ್ತಿದ್ದಾಗ ಮೂತ್ರಕ್ಕೆಂದು ಆ ಪಾಳುಜಾಗಕ್ಕೆ ಹೋದ, ಚೂರಿ ಕೈಯಲ್ಲೇ ಇತ್ತು. ಅಲ್ಲಿ ಶವ ಕಂಡು ದಿಗ್ಭ್ರಮೆಯಿಂದ ನಿಂತಾಗ ಕಾವಲುಗಾರರು ಬಂದರು. ಹಾಗಾದರೆ ಒಪ್ಪಿಕೊಂಡದ್ದೇಕೆ? ಎಲ್ಲರೂ ನಾನೇ ಕೊಂದೆ ಎನ್ನುತ್ತಿರುವಾಗ, ಆ ಚೂರಿ ಹಿಡಿದವನ ಮಾತನ್ನು ಯಾರು ನಂಬುತ್ತಾರೆ ಎಂಬುದು ಅವನ ಉತ್ತರ. ನಿಜವಾದ ಕೊಲೆಗಾರ ಹತ್ತಿರದಲ್ಲೇ ಅಡಗಿದ್ದ. ಒಂದು ಜೀವದ ಜೊತೆ ಇನ್ನೊಂದು ಜೀವದ ಪಾಪವೂ ತನ್ನ ಹೆಗಲಿಗೆ ಬೀಳುತ್ತದೆಂದು ಹೆದರಿ ಅವನು ಮುಂದೆ ಬಂದಿದ್ದ. ಹಝ್ರತ್ ಹಸನ್(ರ)ರ ಸಲಹೆಯಂತೆ, ಒಂದು ಜೀವ ತೆಗೆದವನು ಇನ್ನೊಂದನ್ನು ಉಳಿಸಿದ್ದಾನೆ ಎಂದು ಅವನನ್ನೂ ಬಿಡಲಾಯಿತು. ಸತ್ತವನ ಮನೆಯವರಿಗೆ ಪರಿಹಾರವನ್ನು ಸರಕಾರಿ ಖಜಾನೆಯಾದ ಬೈತುಲ್‌ಮಾಲ್‌ನಿಂದ ಕೊಡಲಾಯಿತು.

ಇಂದಿನ ಯಾವ ಪೊಲೀಸ್ ಠಾಣೆಗಾದರೂ ಈ ಪ್ರಕರಣ ಹೋಗಿದ್ದರೆ ಏನಾಗುತ್ತಿತ್ತು? ಸ್ಥಳದಲ್ಲಿ ಹಾಜರಿ, ಕೈಯಲ್ಲಿ ಆಯುಧ, ಬಟ್ಟೆಯಲ್ಲಿ ರಕ್ತ, ಅದರ ಮೇಲೆ ತಪ್ಪೊಪ್ಪಿಗೆ. ಆದರೂ ಅದು ಸತ್ಯವಲ್ಲ. ನಿಜವಾದ ಕೊಲೆಗಾರನ ಅಂತಃಸಾಕ್ಷಿ ಆ ಹೊತ್ತಿಗೆ ಎಚ್ಚರಗೊಳ್ಳದಿದ್ದರೆ ಆ ಕಸಾಯಿ ಸಾಯುತ್ತಿದ್ದ. ಸಾಂದರ್ಭಿಕ ಸಾಕ್ಷ್ಯದ ಪರವಾಗಿ ವಾದಿಸಿದ ವಿದ್ವಾಂಸರೇ ಈ ಕಥೆಯನ್ನೂ ದಾಖಲಿಸಿದ್ದಾರೆ ಎಂಬುದನ್ನು ಗಮನಿಸಬೇಕು. ಸಾಧನದ ಮೇಲೆ ವಿಶ್ವಾಸ, ಅದನ್ನು ಬಳಸುವ ಮನುಷ್ಯನ ಮೇಲೆ ಎಚ್ಚರ. ಇವೆರಡೂ ಒಟ್ಟಿಗೆ ಇರಬೇಕು.

ನಮ್ಮ ಆಧುನಿಕ ನ್ಯಾಯಾಲಯಗಳು ಇದೇ ಎಚ್ಚರವನ್ನು ಬೇರೆ ಭಾಷೆಯಲ್ಲಿ ಹೇಳಿವೆ. 1838ರಲ್ಲಿ ಇಂಗ್ಲೆಂಡಿನ ಒಂದು ಕೊಲೆ ವಿಚಾರಣೆಯಲ್ಲಿ ನ್ಯಾಯಾಧೀಶ ಆಲ್ಡರ್ಸನ್ ಜ್ಯೂರಿಯವರಿಗೆ ಒಂದು ಮನೋವೈಜ್ಞಾನಿಕ ಸತ್ಯವನ್ನು ನೆನಪಿಸಿದರು. ಬಿಡಿಬಿಡಿ ಸಂಗತಿಗಳನ್ನು ಒಂದಕ್ಕೊಂದು ಹೊಂದಿಸಿ ಪೂರ್ಣ ಕಥೆ ಕಟ್ಟುವುದೆಂದರೆ ಮನುಷ್ಯನ ಮನಸ್ಸಿಗೆ ಖುಷಿ. ಹೊಂದದಿದ್ದರೆ ಸ್ವಲ್ಪ ಎಳೆದಾದರೂ ಹೊಂದಿಸುತ್ತದೆ. ಬುದ್ಧಿವಂತ ಮನಸ್ಸಾದಷ್ಟೂ ಈ ಅಪಾಯ ಹೆಚ್ಚು. 1952ರಲ್ಲಿ ನಮ್ಮ ಸುಪ್ರೀಂ ಕೋರ್ಟು ಈ ಎಚ್ಚರಿಕೆಯನ್ನು ನೆನಪಿಸಿಕೊಂಡು ಸಾಂದರ್ಭಿಕ ಸಾಕ್ಷ್ಯದ ನಿಯಮವನ್ನು ರೂಪಿಸಿತು. ಹನುಮಂತ ಪ್ರಕರಣ ಎಂದು ಕಾನೂನು ಓದಿದವರಿಗೆ ಪರಿಚಿತವಾದ ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್. ಕುತೂಹಲದ ಸಂಗತಿ ಎಂದರೆ ಅದು ಕೊಲೆ ಪ್ರಕರಣವೇ ಅಲ್ಲ, ಮದ್ಯ ತಯಾರಿಕೆಯ ಗುತ್ತಿಗೆಗೆ ಸಂಬಂಧಿಸಿದ್ದು. ಆದರೂ ಅಂದಿನಿಂದ ನೂರಾರು ಕೊಲೆ ಆರೋಪಿಗಳ ಹಣೆಬರಹ ಆ ತೀರ್ಪಿನ ಅಳತೆಗೋಲಿನಿಂದ ನಿರ್ಧಾರವಾಗಿದೆ.

ಈ ಅಳತೆಗೋಲಿಗೆ ಸ್ಪಷ್ಟ ರೂಪ ಬಂದದ್ದು 1984ರಲ್ಲಿ, ಪುಣೆಯ ಒಂದು ಪ್ರಕರಣದ ಮೇಲ್ಮನವಿಯಲ್ಲಿ. 1982ರ ಫೆಬ್ರವರಿಯಲ್ಲಿ ಮದುವೆಯಾದ ತರುಣಿಯೊಬ್ಬಳು ಅದೇ ವರ್ಷದ ಜೂನ್‌ನಲ್ಲಿ ಗಂಡನ ಮನೆಯ ಮಲಗುವ ಕೋಣೆಯಲ್ಲಿ ಸತ್ತಿದ್ದಳು. ಸಾವಿಗೆ ಕಾರಣ ಸಯನೈಡ್ ವಿಷ. ಅಕ್ಕ ಮತ್ತು ಗೆಳತಿಗೆ ಆಕೆ ಬರೆದ ಪತ್ರಗಳಲ್ಲಿ ದಾಂಪತ್ಯದ ನೋವು, ಗಂಡನ ಉಪೇಕ್ಷೆ ಎಲ್ಲವೂ ಇತ್ತು. ಸೆಷನ್ಸ್ ಕೋರ್ಟು ಗಂಡನಿಗೆ ಮರಣದಂಡನೆ ವಿಧಿಸಿತು, ಬಾಂಬೆ ಹೈಕೋರ್ಟು ಅದನ್ನು ದೃಢೀಕರಿಸಿತು. 1984ರ ಜುಲೈ 17ರಂದು ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಸಯ್ಯದ್ ಮುರ್ತಝಾ ಫಝಲ್ ಅಲಿ. ಕನ್ನಡಿಗರಿಗೆ ಈ ಮನೆತನದ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಕರ್ನಾಟಕದ ಏಕೀಕರಣಕ್ಕೆ ದಾರಿ ಮಾಡಿಕೊಟ್ಟ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾಗಿದ್ದ ಫಝಲ್ ಅಲಿ ಇವರ ತಂದೆ.

ಆ ತೀರ್ಪಿನಲ್ಲಿ ಐದು ಸೂತ್ರಗಳಿವೆ, ಸಾಂದರ್ಭಿಕ ಸಾಕ್ಷ್ಯದ ಪಂಚಶೀಲ ಎಂದೇ ಅವು ಪ್ರಸಿದ್ಧ. ಒಂದು, ಪ್ರತಿಯೊಂದು ಸಂದರ್ಭವೂ ಪೂರ್ತಿಯಾಗಿ ಸಾಬೀತಾಗಿರಬೇಕು, ಆಗಿರಬಹುದು ಎಂಬುದು ಸಾಲದು. ಎರಡು, ಸಾಬೀತಾದ ಸಂಗತಿಗಳು ಆರೋಪಿಯ ಅಪರಾಧದೊಂದಿಗೆ ಮಾತ್ರ ಹೊಂದಬೇಕು. ಮೂರು, ಅವು ನಿರ್ಣಾಯಕ ಸ್ವರೂಪದವಾಗಿರಬೇಕು. ನಾಲ್ಕು, ಬೇರೆಲ್ಲ ಸಾಧ್ಯತೆಗಳನ್ನೂ ಅವು ತಳ್ಳಿಹಾಕಬೇಕು. ಐದು, ಸಾಕ್ಷ್ಯದ ಸರಪಳಿ ಎಲ್ಲೂ ತುಂಡಾಗದೆ, ಈ ಕೃತ್ಯವನ್ನು ಆರೋಪಿಯೇ ಮಾಡಿರಬೇಕು ಎಂದು ತೋರಿಸುವಷ್ಟು ಪೂರ್ಣವಾಗಿರಬೇಕು. ಇವುಗಳ ಜೊತೆ ಇನ್ನೊಂದು ಮಾತೂ ಇದೆ. ಆರೋಪಿ ಸುಳ್ಳು ಹೇಳಿದ್ದಾನೆ ಎಂಬುದು ಸರಪಳಿಯ ಕಳೆದುಹೋದ ಕೊಂಡಿಯ ಜಾಗ ತುಂಬಲಾರದು. ಸರಪಳಿ ಮೊದಲೇ ಪೂರ್ಣವಾಗಿದ್ದರೆ ಮಾತ್ರ ಅದು ಇನ್ನೊಂದು ಕೊಂಡಿಯಾದೀತು. ಹೆದರಿದ ನಿರಪರಾಧಿಯೂ ಸುಳ್ಳು ಹೇಳುತ್ತಾನೆ. ಆ ಕಸಾಯಿ ಹೆದರಿಕೆಯಲ್ಲಿ ತನ್ನ ವಿರುದ್ಧವೇ ಸುಳ್ಳು ಹೇಳಲಿಲ್ಲವೇ?

ಪುಣೆಯ ಪ್ರಕರಣದಲ್ಲಿ ಸರಪಳಿ ತುಂಡಾದದ್ದು ನಾಲ್ಕನೆಯ ಸೂತ್ರದಲ್ಲಿ. ಆಕೆ ತಾನೇ ವಿಷ ಸೇವಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲು ಆಗಲಿಲ್ಲ. ಪ್ರಾಸಿಕ್ಯೂಷನ್ ಕೊಲೆಯ ಸುಳಿವೆಂದು ತಂದ ಪತ್ರಗಳೇ, ಬದುಕಿನಲ್ಲಿ ಆಸೆ ಕಳೆದುಕೊಂಡ ಮನಸ್ಸಿನ ಸುಳಿವೂ ಆಗಬಹುದಿತ್ತು. ಒಂದೇ ಅಂಗಿ, ಎರಡು ಓದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಈ ಐದು ಸೂತ್ರಗಳ ಕಟ್ಟುನಿಟ್ಟಿನಿಂದ ಲಾಭ ಯಾರಿಗೆ? ನಾಲ್ಕು ಗೋಡೆಗಳ ನಡುವೆ ಹೆಂಡತಿಯನ್ನು ಕೊಲ್ಲುವವನಿಗೆ ಪ್ರತ್ಯಕ್ಷ ಸಾಕ್ಷಿಯ ಭಯವಿಲ್ಲ. ಮನೆಯೇ ಅವನ ಕೋಟೆ. ಬೇರೆ ಸಾಧ್ಯತೆಯೊಂದನ್ನು ತೋರಿಸಿದರೆ ಸಾಕು ಎಂದಾದರೆ ಸತ್ತ ಹೆಣ್ಣುಮಗಳಿಗೆ ನ್ಯಾಯ ಎಲ್ಲಿ? ಆಕೆಯೇ ಸತ್ತಿರಬಹುದು ಎಂಬ ಮಾತು ಎಲ್ಲ ಕೊಲೆಗಡುಕ ಗಂಡಂದಿರಿಗೂ ತಯಾರಾಗಿ ಸಿಗುವ ಗುರಾಣಿಯಾಗುವುದಿಲ್ಲವೇ? ಆಕೆ ತಾನೇ ವಿಷ ಕುಡಿದಳು ಎಂದಿಟ್ಟುಕೊಂಡರೂ, ನಾಲ್ಕು ತಿಂಗಳಲ್ಲಿ ಒಂದು ಹೆಣ್ಣನ್ನು ಆ ಸ್ಥಿತಿಗೆ ತಂದ ಮನೆ ನಿರಪರಾಧಿಯೇ?

ಈ ಆಕ್ಷೇಪದಲ್ಲಿ ಹುರುಳಿದೆ. ದೇಶದ ಕಾನೂನು ಕೂಡ ಅದನ್ನು ಒಪ್ಪಿಕೊಂಡಿತು. 1983ರಲ್ಲಿ ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯವೇ ಒಂದು ಅಪರಾಧವೆಂದು ಕಾನೂನಿಗೆ ಸೇರಿತು. ಮದುವೆಯಾದ ಏಳು ವರ್ಷಗಳೊಳಗೆ ಇಂತಹ ಕ್ರೌರ್ಯಕ್ಕೊಳಗಾದ ಹೆಣ್ಣು ಆತ್ಮಹತ್ಯೆ ಮಾಡಿಕೊಂಡರೆ ಅದಕ್ಕೆ ಅವರ ಕುಮ್ಮಕ್ಕು ಇತ್ತೆಂದು ನ್ಯಾಯಾಲಯ ಭಾವಿಸಬಹುದು ಎಂಬ ನಿಯಮ ಬಂತು. 1986ರಲ್ಲಿ ವರದಕ್ಷಿಣೆ ಸಾವು ಎಂಬ ಪ್ರತ್ಯೇಕ ಅಪರಾಧ ಸೇರಿತು. 2006ರಲ್ಲಿ ಮಹಾರಾಷ್ಟ್ರದ ಮತ್ತೊಂದು ಪ್ರಕರಣದಲ್ಲಿ, ಸೊಸೆ ಹಾವು ಕಚ್ಚಿ ಸತ್ತಳು ಎಂದು ತವರಿಗೆ ಹೇಳಲಾಗಿತ್ತು. ಶವಪರೀಕ್ಷೆಯಲ್ಲಿ ಕುತ್ತಿಗೆ ಅದುಮಿ ಕೊಂದದ್ದು ಗೊತ್ತಾಯಿತು. ಮನೆಯೊಳಗೆ ನಡೆದ ಕೊಲೆಗೆ ಮನೆಯೊಳಗಿದ್ದವನು ವಿವರಣೆ ಕೊಡಬೇಕು, ಬಾಯಿ ಮುಚ್ಚಿ ಕುಳಿತು ತಪ್ಪಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟು ಹೇಳಿತು. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ತಾನೇ ಹೇಳಬೇಕು ಎಂಬ ಈ ತತ್ವ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ.

ಸಾಂದರ್ಭಿಕ ಸಾಕ್ಷ್ಯ ಬಲವಾಗಿದ್ದಾಗ ಅದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಕಾನೂನು ವರದಿಗಳಲ್ಲಿ ಶ್ರದ್ಧಾನಂದ ಪ್ರಕರಣ ಎಂದು ದಾಖಲಾಗಿರುವ ಈ ಮೊಕದ್ದಮೆಯಲ್ಲಿ ಪ್ರತಿಷ್ಠಿತ ಮನೆತನದ ಮಹಿಳೆಯೊಬ್ಬರು 1991ರಲ್ಲಿ ಕಾಣೆಯಾದರು. ಎಲ್ಲಿದ್ದಾರೆ ಎಂದು ಕೇಳಿದವರಿಗೆ ಎರಡನೆಯ ಗಂಡ ಒಂದೊಂದು ಸಲ ಒಂದೊಂದು ಊರಿನ ಹೆಸರು ಹೇಳುತ್ತಿದ್ದ. ಮಗಳು ಸುಮ್ಮನಾಗಲಿಲ್ಲ, 1992ರಲ್ಲಿ ಪೊಲೀಸರಿಗೆ ದೂರು ಕೊಟ್ಟಳು. 1994ರಲ್ಲಿ ಆರೋಪಿಯೇ ತೋರಿಸಿದ ಜಾಗದಲ್ಲಿ, ಆ ಮಹಿಳೆಯ ಸ್ವಂತ ಮನೆಯ ಅಂಗಳದಲ್ಲಿ, ಪೆಟ್ಟಿಗೆಯೊಳಗೆ ಹೂತಿಟ್ಟ ಅವಶೇಷ ಸಿಕ್ಕಿತು. ಡಿಎನ್‌ಎ ಪರೀಕ್ಷೆಯಿಂದ ಗುರುತು ಖಚಿತವಾಯಿತು. ಕೊಲೆಯನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಸೆಷನ್ಸ್ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಅಪರಾಧದ ಬಗ್ಗೆ ಒಬ್ಬ ನ್ಯಾಯಾಧೀಶರಿಗೂ ಸಂಶಯ ಬರಲಿಲ್ಲ. ಹೂತ ಸತ್ಯವನ್ನು ಎಬ್ಬಿಸಿದ್ದು ಸಂದರ್ಭಗಳೇ. ಪ್ರತ್ಯಕ್ಷ ಸಾಕ್ಷಿ ಇಲ್ಲದೆ ಶಿಕ್ಷೆಯೇ ಕೂಡದು ಎನ್ನುವವರು ಈ ಮಗಳ ಮುಖ ನೋಡಿ ಉತ್ತರ ಹೇಳಬೇಕು.

ಹಾಗಾದರೆ ಪಂಚಶೀಲದ ಕಟ್ಟುನಿಟ್ಟು ಅತಿಯಾಯಿತೇ? ನನಗೆ ಹಾಗೆ ಅನಿಸುವುದಿಲ್ಲ. ಹೆಣ್ಣುಮಕ್ಕಳ ಸಾವಿನ ವಿಷಯದಲ್ಲಿ ಕಾನೂನು ಮಾಡಿದ್ದು ಸರಿಯಾದ ಕ್ರಮ. ಅದು ಊಹೆಯ ಮೇಲೆ ಗಲ್ಲಿಗೆ ಹಾಕಬಹುದು ಎನ್ನಲಿಲ್ಲ. ಹೊಸ ಅಪರಾಧವನ್ನು ಸ್ಪಷ್ಟವಾಗಿ ಹೆಸರಿಸಿತು, ಯಾವ ಸಂಗತಿಯನ್ನು ಯಾರು ಸಾಬೀತು ಮಾಡಬೇಕು ಎಂದು ಮೊದಲೇ ತಿಳಿಸಿತು. ಸತ್ತವಳ ಮೇಲಿನ ಕನಿಕರ ಸಾಕ್ಷ್ಯದ ಜಾಗದಲ್ಲಿ ಕುಳಿತುಕೊಂಡರೆ ಸಿಗುವುದು ನ್ಯಾಯವಲ್ಲ, ಸೇಡು ತೀರಿದ ಸಮಾಧಾನ. ನಿರಪರಾಧಿಗೆ ಶಿಕ್ಷೆಯಾದಾಗ ಸತ್ತವಳಿಗೂ ಅನ್ಯಾಯವೇ ಆಗುತ್ತದೆ, ಏಕೆಂದರೆ ನಿಜವಾಗಿ ಕೊಂದವನ ಕಡತ ಅಲ್ಲಿಗೆ ಮುಚ್ಚುತ್ತದೆ.

ಮೇಲ್ಮನವಿ ಎಂಬ ವ್ಯವಸ್ಥೆಯ ನೈತಿಕ ಅರ್ಥವೂ ಇಲ್ಲಿಯೇ ಇದೆ. ಅದು ನ್ಯಾಯಾಂಗ ತನ್ನ ಬಗ್ಗೆ ತಾನೇ ಇಟ್ಟುಕೊಂಡ ಸಂಶಯ. ನಮ್ಮಲ್ಲಿ ಸೆಷನ್ಸ್ ಕೋರ್ಟು ವಿಧಿಸಿದ ಮರಣದಂಡನೆ ಹೈಕೋರ್ಟಿನ ದೃಢೀಕರಣವಿಲ್ಲದೆ ಜಾರಿಯಾಗುವಂತಿಲ್ಲ, ಆರೋಪಿ ಮೇಲ್ಮನವಿ ಸಲ್ಲಿಸಿದರೂ ಸಲ್ಲಿಸದಿದ್ದರೂ. ಪ್ರತ್ಯಕ್ಷ ಸಾಕ್ಷಿಯ ವಿಷಯದಲ್ಲಿ ಮೇಲಿನ ಕೋರ್ಟಿಗೊಂದು ಮಿತಿ ಇದೆ. ಸಾಕ್ಷಿಯ ಮುಖಭಾವ, ಧ್ವನಿಯ ನಡುಕ ನೋಡಿದವರು ಕೆಳಗಿನ ನ್ಯಾಯಾಧೀಶರು. ಆದರೆ ಸಾಂದರ್ಭಿಕ ಸಾಕ್ಷ್ಯದಲ್ಲಿ ತೂಗಬೇಕಾದದ್ದು ತರ್ಕವನ್ನು. ಈ ಕೊಂಡಿಯಿಂದ ಆ ಕೊಂಡಿಗೆ ದಾಟಿದ್ದು ಸರಿಯೇ ಎಂಬುದನ್ನು ಕಾಗದದ ಮೇಲೂ ಪರೀಕ್ಷಿಸಬಹುದು, ದೆಹಲಿಯಲ್ಲಿ ಕುಳಿತೂ ಪರೀಕ್ಷಿಸಬಹುದು. ಪ್ರವಾದಿ ದಾವೂದ್(ಅ)ರ ತೀರ್ಮಾನದ ನಂತರ ಮಗ ಸುಲೈಮಾನ್(ಅ)ರಿಗೆ ಇನ್ನೂ ಉತ್ತಮವಾದ ಪರಿಹಾರ ಹೊಳೆದ ಹೊಲದ ಪ್ರಸಂಗ ಕುರ್‌ಆನ್‌ನಲ್ಲಿದೆ. ಅಲ್ಲಿ ತಂದೆಗೆ ಅವಮಾನವಾಯಿತು ಎಂಬ ಧ್ವನಿ ಇಲ್ಲ. ಇಬ್ಬರಿಗೂ ಜ್ಞಾನ ಕೊಡಲಾಗಿತ್ತು ಎಂದೇ ಇದೆ. ತೀರ್ಪನ್ನು ತಿದ್ದುವುದು ನ್ಯಾಯಾಧೀಶನ ಸೋಲಲ್ಲ.

ಈ ತಿದ್ದುಪಡಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಅಕ್ಷರಧಾಮ ಪ್ರಕರಣ ತೋರಿಸಿತು. 2002ರ ಸೆಪ್ಟೆಂಬರ್ 24ರಂದು ಗಾಂಧಿನಗರದ ದೇವಾಲಯದ ಮೇಲೆ ದಾಳಿ ಮಾಡಿದ ಇಬ್ಬರು ಬಂದೂಕುಧಾರಿಗಳು ಮೂವತ್ತಕ್ಕೂ ಹೆಚ್ಚು ಮುಗ್ಧರನ್ನು ಕೊಂದರು. ಅದು ಕ್ಷಮೆಗೆ ಅರ್ಹವಲ್ಲದ ಕ್ರೌರ್ಯ. ಸಂಚಿನಲ್ಲಿ ಭಾಗಿಗಳೆಂದು ಮರುವರ್ಷ ಬಂಧಿಸಲಾದವರಲ್ಲಿ ಆರು ಮಂದಿಗೆ ಪೋಟಾ ನ್ಯಾಯಾಲಯ 2006ರಲ್ಲಿ ಶಿಕ್ಷೆ ವಿಧಿಸಿತು, ಮೂವರಿಗೆ ಮರಣದಂಡನೆ. 2010ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಮೊಕದ್ದಮೆ ನಿಂತದ್ದು ಮುಖ್ಯವಾಗಿ ತಪ್ಪೊಪ್ಪಿಗೆಗಳ ಮೇಲೆ. ಜೊತೆಗೆ, ಹತರಾದ ದಾಳಿಕೋರರ ಪ್ಯಾಂಟಿನ ಜೇಬಿನಲ್ಲಿ ಸಿಕ್ಕವೆಂದು ಹೇಳಲಾದ ಎರಡು ಉರ್ದು ಪತ್ರಗಳಿದ್ದವು. ಗುಂಡುಗಳಿಂದ ಜರ್ಜರಿತವಾಗಿ, ರಕ್ತ ಮತ್ತು ಮಣ್ಣಿನಲ್ಲಿ ನೆನೆದ ಬಟ್ಟೆಯೊಳಗಿನ ಆ ಪತ್ರಗಳಲ್ಲಿ ಒಂದು ರಕ್ತದ ಕಲೆಯೂ ಇರಲಿಲ್ಲ.

2014ರ ಮೇ 16ರಂದು, ಇಡೀ ದೇಶ ಲೋಕಸಭಾ ಚುನಾವಣೆಯ ಫಲಿತಾಂಶ ನೋಡುತ್ತಿದ್ದ ದಿನ, ಸುಪ್ರೀಂ ಕೋರ್ಟು ಆರೂ ಮಂದಿಯನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಮತ್ತು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡ. ಕಲೆಯಿಲ್ಲದ ಆ ಪತ್ರಗಳನ್ನು ನಂಬಲು ಕೋರ್ಟು ಸಿದ್ಧವಿರಲಿಲ್ಲ. ಅಂದು ಅಂಗಿಯ ಮೇಲೆ ರಕ್ತವಿತ್ತು, ಹರಿದಿರಲಿಲ್ಲ. ಇಂದು ಬಟ್ಟೆ ಹರಿದಿತ್ತು, ಪತ್ರಕ್ಕೆ ರಕ್ತವಿರಲಿಲ್ಲ. ಯಾಕೂಬ್(ಅ)ರು ಕೇಳಿದ ಪ್ರಶ್ನೆಯನ್ನು ಕೆಳಗಿನ ಎರಡು ಕೋರ್ಟುಗಳು ಕೇಳಿದ್ದರೆ, ಕೆಲವರ ಬದುಕಿನ ಹತ್ತಕ್ಕೂ ಹೆಚ್ಚು ವರ್ಷಗಳು ಉಳಿಯುತ್ತಿದ್ದವು. ಆ ವರ್ಷಗಳಿಗೆ ಪರಿಹಾರ ಕೇಳಿದಾಗ 2016ರಲ್ಲಿ ಅದೇ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತಪ್ಪು ಮೊಕದ್ದಮೆಗೆ ಬಲಿಯಾದವರಿಗೆ ಪರಿಹಾರ ಕೊಡಲು ಕಾನೂನು ಬೇಕೆಂದು ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ 2018ರಲ್ಲಿ ಶಿಫಾರಸು ಮಾಡಿತು. ಬೈತುಲ್‌ಮಾಲ್‌ನಿಂದ ಪರಿಹಾರ ಕೊಟ್ಟ ಹಳೆಯ ಪ್ರಸಂಗ ಹೇಳುವುದೂ ಇದನ್ನೇ. ಸಮಾಜದ ಹೆಸರಿನಲ್ಲಿ ನಡೆಯುವ ನ್ಯಾಯದಾನದ ಭಾರವನ್ನು ಸಮಾಜವೇ ಹೊರಬೇಕು.

ಮೂವರಿಗೆ ಗಲ್ಲು ಜಾರಿಯಾಗಿದ್ದರೆ 2014ರ ತೀರ್ಪಿಗೆ ಅರ್ಥವೇನಿತ್ತು? ಬೆಂಗಳೂರಿನ ಪ್ರಕರಣದಲ್ಲಿ ಅಪರಾಧ ಖಚಿತವಾಗಿತ್ತು. ಆದರೂ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಶಿಕ್ಷೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ತಳೆದರು, ಒಬ್ಬರಿಗೆ ಗಲ್ಲೇ ಸರಿ, ಇನ್ನೊಬ್ಬರಿಗೆ ಜೀವಾವಧಿ. 2008ರಲ್ಲಿ ಮೂವರ ಪೀಠದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಅಫ್ತಾಬ್ ಆಲಮ್ ಗಲ್ಲಿನ ಬದಲು ಬದುಕಿರುವವರೆಗೆ ಸೆರೆವಾಸ ಎಂದರು. ಒಬ್ಬ ಮನುಷ್ಯನ ಸಾವು ಬದುಕು ಆ ದಿನ ಪೀಠದಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನು ಅವಲಂಬಿಸಬಾರದು, ಹಿಂದಕ್ಕೆ ಪಡೆಯಲಾಗದ ಶಿಕ್ಷೆಗೆ ಇಷ್ಟು ಅಸ್ಥಿರವಾದ ಅಳತೆ ಹೊಂದದು ಎಂಬುದು ಅವರ ಚಿಂತೆಯ ಸಾರ. ಸಂಶಯವಿದ್ದಲ್ಲಿ ಕಠಿಣ ದಂಡನೆಯಿಂದ ಹಿಂದೆ ಸರಿಯಬೇಕೆಂಬ ಫಿಕ್ಹ್ ಶಾಸ್ತ್ರದ ಸೂತ್ರವೂ, ಅಪರಾಧಿಗಳು ಹತ್ತು ಮಂದಿ ತಪ್ಪಿಸಿಕೊಂಡರೂ ನಿರಪರಾಧಿಯೊಬ್ಬ ನರಳಬಾರದೆಂದ 18ನೇ ಶತಮಾನದ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್‌ನ ಮಾತೂ ಇದೇ ದಿಕ್ಕಿನವು.

ಆದರೆ ಕೋರ್ಟುಗಳ ಬಗ್ಗೆ ಇಷ್ಟೆಲ್ಲ ಹೇಳಿ ನಮ್ಮನ್ನು ನಾವು ಬಿಟ್ಟುಕೊಳ್ಳುವುದು ಸರಿಯಲ್ಲ. ನ್ಯಾಯಾಧೀಶರಿಗೆ ಐದು ಸೂತ್ರಗಳಿವೆ, ನಮ್ಮ ಬೀದಿಗೆ ಯಾವ ಸೂತ್ರವಿದೆ? ಯುವಕನೊಬ್ಬನ ಬಂಧನವಾದ ಸಂಜೆಯೇ ಟಿವಿ ಚಾನೆಲ್ಲುಗಳಲ್ಲಿ ತೀರ್ಪು ಬರುತ್ತದೆ. ಅವನ ಮನೆಯವರಿಗೆ ಬಾಡಿಗೆ ಮನೆ ಸಿಗುವುದಿಲ್ಲ, ತಂಗಿಯ ಮದುವೆ ಮುರಿಯುತ್ತದೆ. ಹತ್ತು ವರ್ಷದ ನಂತರ ಖುಲಾಸೆಯಾದಾಗ, ಸಂಶಯದ ಲಾಭ ಸಿಕ್ಕಿತು ಅಷ್ಟೇ, ಮಾಡಿರಲೂಬಹುದು ಎನ್ನುತ್ತೇವೆ. ಕಾನೂನು ಆರೋಪಿಗೆ ಕೊಟ್ಟ ಸಂಶಯದ ಲಾಭವನ್ನು ಸಮಾಜ ಸಂಶಯದ ಶಿಕ್ಷೆಯಾಗಿ ಪರಿವರ್ತಿಸುತ್ತದೆ.

ಇದರ ನೋವನ್ನು ಅನುಭವಿಸಿದ ಮುಸ್ಲಿಂ ಸಮುದಾಯ ತನ್ನನ್ನೂ ಇದೇ ತಕ್ಕಡಿಯಲ್ಲಿ ತೂಗಿಕೊಳ್ಳಬೇಕು. ನಮ್ಮವನು ಆರೋಪಿಯಾದಾಗ ಸಾಕ್ಷ್ಯ ಎಲ್ಲಿ ಎಂದು ಕೇಳುವ ನಾವು, ಬೇರೆಯವನು ಆರೋಪಿಯಾದಾಗ ಅದೇ ಪ್ರಶ್ನೆ ಕೇಳುತ್ತೇವೆಯೇ? ನಮ್ಮ ಜಮಾಅತಿನ ಸೊಸೆಯೊಬ್ಬಳು ಅಸಹಜವಾಗಿ ಸತ್ತಾಗ, ಮನೆತನದ ಮರ್ಯಾದೆಯ ನೆಪದಲ್ಲಿ ಮರಣೋತ್ತರ ಪರೀಕ್ಷೆ ಬೇಡ ಎಂದು ದಫನ್‌ಗೆ ಅವಸರ ಮಾಡುವವರೂ ನಮ್ಮೊಳಗಿದ್ದಾರೆ. ಸಂದರ್ಭಗಳನ್ನು ಮಣ್ಣಿನಡಿ ಮುಚ್ಚುವುದೂ ಸುಳ್ಳು ರಕ್ತ ಹಚ್ಚಿದಷ್ಟೇ ದೊಡ್ಡ ವಂಚನೆ.

ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 105ರಿಂದ 112ರವರೆಗಿನ ವಚನಗಳ ಹಿನ್ನೆಲೆಯಾಗಿ ತಫ್ಸೀರ್‌ಗಳು ಒಂದು ಘಟನೆಯನ್ನು ಹೇಳುತ್ತವೆ. ವಿವರಗಳು ಒಂದೊಂದು ಕಡೆ ಒಂದೊಂದು ರೀತಿ ಇದ್ದರೂ ತಿರುಳು ಒಂದೇ. ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡ ಒಬ್ಬಾತ ನೆರೆಯವನ ಯುದ್ಧಕವಚವನ್ನು ಕದ್ದ. ಕವಚವಿದ್ದ ಚೀಲದ ತೂತಿನಿಂದ ಹಿಟ್ಟು ಉದುರಿ ಜಾಡು ಉಳಿಯಿತು. ಸಿಕ್ಕಿಬೀಳುವ ಭಯದಿಂದ ಆತ ಮಾಲನ್ನು ಯಹೂದಿಯೊಬ್ಬನ ಮನೆಗೆ ಸಾಗಿಸಿಬಿಟ್ಟ. ಕವಚ ಯಹೂದಿಯ ಮನೆಯಲ್ಲೇ ಸಿಕ್ಕಿತು. ಕಳ್ಳನ ಕುಲದವರು ಒಗ್ಗಟ್ಟಾಗಿ ಬಂದು ನಮ್ಮವನು ನಿರಪರಾಧಿ ಎಂದು ವಾದಿಸಿದರು. ಮಾಲು ಸಿಕ್ಕ ಜಾಗ, ಹೆಚ್ಚಿನವರ ಹೇಳಿಕೆ, ಆರೋಪಿ ಪರಧರ್ಮದವನು, ಎಲ್ಲವೂ ಯಹೂದಿಯ ವಿರುದ್ಧ. ಆಗ ಇಳಿದ ವಚನಗಳು ಆ ಯಹೂದಿಯನ್ನು ದೋಷಮುಕ್ತಗೊಳಿಸಿದವು. ವಂಚಕರ ಪರ ವಾದಿಸಬಾರದೆಂದು ಪ್ರವಾದಿ(ಸ)ಯವರಿಗೇ ಎಚ್ಚರಿಕೆ ಬಂತು. ತಾನು ಮಾಡಿದ ಪಾಪವನ್ನು ನಿರಪರಾಧಿಯ ತಲೆಗೆ ಕಟ್ಟುವವನು ಎಷ್ಟು ದೊಡ್ಡ ಹೊರೆ ಹೊರುತ್ತಾನೆ ಎಂದು ಹೇಳಿ ಆ ಭಾಗ ಮುಗಿಯುತ್ತದೆ.

ನೋಡದ್ದನ್ನು ತೀರ್ಮಾನಿಸಬೇಕಾದ ಪ್ರಸಂಗ ಮನುಷ್ಯರಿಗೆ ತಪ್ಪಿದ್ದಲ್ಲ. ನ್ಯಾಯಾಲಯಕ್ಕೆ ಅದು ಕರ್ತವ್ಯ, ಅದು ಹಿಂದೆ ಸರಿಯುವಂತಿಲ್ಲ. ನಮಗೆ ಆ ಕರ್ತವ್ಯವಿಲ್ಲ. ಮುಂದಿನ ಸಲ ಪತ್ರಿಕೆಯಲ್ಲಿ ಕೊಲೆ ಆರೋಪಿಯ ಬಂಧನ ಎಂಬ ಸುದ್ದಿ ಓದಿದಾಗ, ಗೊತ್ತಿಲ್ಲ ಎಂದು ಹೇಳುವ ಸ್ವಾತಂತ್ರ್ಯ ನಮಗಿದೆ. ನ್ಯಾಯಾಧೀಶನಿಗೂ ಇಲ್ಲದ ಆ ಸ್ವಾತಂತ್ರ್ಯವನ್ನು ನಾವು ಬಳಸುವುದು ತೀರಾ ಅಪರೂಪ.